ಮುಚ್ಚಳದ ಮೇಲೆ ಕೂರುತ್ತಿದ್ದ ಕೋಳಿ

ಭಾವನ ಕಣ್ಣು ತನ್ನ ಮುಖದ ಮೇಲಿಲ್ಲ, ಕಾಲಿನ ಮೇಲಿದೆ ಎಂಬುದು ಅಕ್ಕನ ಮನೆಯ ಹಿತ್ತಲ ಗೇಟು ದಾಟುವ ಮೊದಲೇ ಅವನಿಗೆ ಗೊತ್ತಾಯಿತು. ಭಾವ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಬಟ್ಟೆ ನೆನೆಹಾಕುವ ನೀಲಿ ಟಬ್ಬಿನೊಳಗೆ ನಿಂತಿದ್ದ. ಟಬ್ಬಿನ ತುಂಬ ಬ್ಲೀಚಿಂಗ್ ಪುಡಿ ಕಲಸಿದ ನೀರು. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ಮರದ ಸೌಟು. ಅರವತ್ತೆಂಟು ವರ್ಷದ ಮನುಷ್ಯ, ತಪ್ಪು ಮಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ನಿಂತಿದ್ದ. ಭಾವ ನೋಡುತ್ತಿದ್ದದ್ದು ಮಾತ್ರ ಇವನ ಕಾಲಿನಲ್ಲಿದ್ದ ಬಚ್ಚಲುಮನೆಯ ರಬ್ಬರ್ ಚಪ್ಪಲಿಯನ್ನು. ಯಾಕೆ ಹಾಗೆ ನೋಡಬೇಕು? ಮನುಷ್ಯನ ಬೂಟು ಹರಿಯಬಾರದೆ? ಹರಿದರೆ ಚಪ್ಪಲಿ ಹಾಕಬಾರದೆ? ಉತ್ತರ ತಯಾರಿತ್ತು, ಬೆಳಿಗ್ಗೆ ಹೆಂಡತಿಯ ಮೇಲೆ ಪ್ರಯೋಗಿಸಿಯೂ ಆಗಿತ್ತು. ಆದರೆ ಭಾವ ಏನನ್ನೂ ಕೇಳಲಿಲ್ಲ. ಅದೇ ಇವನಿಗೆ ಸರಿಬರಲಿಲ್ಲ.

ಕೇಳಿದವಳು ಅಕ್ಕ. "ಬೂಟೆಲ್ಲೋ ಪುಟ್ಟಾ?" ನಲವತ್ತಾರು ವರ್ಷದ, ನೀರಿನ ಆಫೀಸಿನ ಮೀಟರ್ ರೀಡರನ್ನು ಪುಟ್ಟಾ ಎಂದು ಕರೆಯುವವಳು ಪ್ರಪಂಚದಲ್ಲಿ ಅವಳೊಬ್ಬಳೇ. "ಅಟ್ಟೆ ಕಿತ್ತೋಯ್ತು ಕಣಕ್ಕ, ಹೊಲಿಯಕ್ಕೆ ಕೊಟ್ಟಿದೀನಿ" ಎಂದ. ಬೂಟು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವನ ಮಂಚದ ಕೆಳಗೆ, ಹಳೇ ಸೂಟ್‌ಕೇಸಿನ ಹಿಂದೆ ಇತ್ತು. ಹೇಳಿ ಮುಗಿಸಿದ ಮೇಲೆ, ತಾನೂ ಟಬ್ಬಿಗೆ ಇಳಿಯುವವನಂತೆ ಒಂದು ಕಾಲು ಎತ್ತಿದ. ಅಕ್ಕ ಸೌಟನ್ನೇ ಅಡ್ಡ ಹಿಡಿದಳು. "ನೀನ್ಯಾಕೋ? ನೀನೇನು ಹೊರಗಿನೋನಾ? ಬಾ ಒಳಗೆ. ಇದು ನಿಮ್ಮ ಭಾವನಂಥೋರಿಗೆ. ರೀ, ಎರಡು ನಿಮಿಷ ಅಂದ್ರೆ ಎರಡು ನಿಮಿಷ. ಜನ್ಮವೆಲ್ಲಾ ಗಡಿಯಾರ ರಿಪೇರಿ ಮಾಡಿದೋರಿಗೆ ಎರಡು ನಿಮಿಷ ಎಷ್ಟು ಅಂತ ನಾನು ಹೇಳಿಕೊಡಬೇಕಾ?" ಭಾವ ಟಬ್ಬಿನಲ್ಲಿ ಬೆರಳು ಆಡಿಸಿದ. ನೀರು ಸಣ್ಣಗೆ ಗುಳುಗುಳು ಎಂದಿತು. ಎತ್ತಿದ ಕಾಲನ್ನು ಇವನು ಒಣನೆಲದ ಮೇಲೇ ಇಟ್ಟ.

ಅಕ್ಕ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ವಾರ್ಡಿನ ನೆಲವನ್ನು ದಿನಕ್ಕೆ ನಾಲ್ಕು ಸಲ ಒರೆಸಿ, ಡಾಕ್ಟರುಗಳನ್ನೇ "ಕಾಲೊರೆಸಿ ಬನ್ನಿ ಸಾರ್" ಎಂದು ಹೊಸಿಲಲ್ಲಿ ತಡೆದವಳು. ಅಲ್ಲಿಂದ ನಿವೃತ್ತಿಯಾದ ಮೇಲೆ ಹಿತ್ತಲನ್ನೇ ವಾರ್ಡು ಮಾಡಿಕೊಂಡಿದ್ದಳು. ಹತ್ತು ಹೇಂಟೆ, ಒಂದು ಹುಂಜ. ತಂತಿಬಲೆಯ ಅಂಗಳ, ತಗಡಿನ ಗೂಡು, ಕುಡಿಯಲು ಸಿಮೆಂಟಿನ ಬಾನಿ. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದರ ಸ್ವಭಾವದ ಮೇಲೂ ದೂರು. ಅದರಲ್ಲಿ ನಾಲ್ಕು ಮೂರು ದಿನದಲ್ಲಿ ಸತ್ತಿದ್ದವು. ಮೊದಲು ಸತ್ತದ್ದು ಮೇಡಂ. ದಪ್ಪ, ಬೂದು ಬಣ್ಣ, ನಡಿಗೆಯಲ್ಲಿ ಹೆಡ್‌ಮಿಸ್ಟ್ರೆಸ್ಸಿನ ಗತ್ತು. ಬಲೆಯೊಳಗೆ, ನಲ್ಲಿಯ ಪಕ್ಕ, ನೀರಿನ ಮೀಟರಿನ ಗುಂಡಿಗೆ ಕಬ್ಬಿಣದ ಮುಚ್ಚಳವಿದೆಯಲ್ಲ, ಅದರ ತಂಪಿಗೆ ಅವಳು ಸದಾ ಅದರ ಮೇಲೇ ಕೂರುತ್ತಿದ್ದಳು. ತಿಂಗಳಿಗೊಮ್ಮೆ ಇವನು ಬಂದು, "ಮೇಡಂ, ಸ್ವಲ್ಪ ಎದ್ದೇಳ್ತೀರಾ, ಸರ್ಕಾರಿ ಕೆಲಸ" ಎಂದು, ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಮುಚ್ಚಳ ತೆಗೆಯುತ್ತಿದ್ದ. ಅಕ್ಕ ಅಡುಗೆಮನೆ ಕಿಟಕಿಯಿಂದ ನೋಡಿ ನಗುತ್ತಿದ್ದಳು. ಎಷ್ಟೋ ವರ್ಷದಿಂದ ನಡೆದುಬಂದ ನಗೆ ಅದು. ಈಗ ಮುಚ್ಚಳ ಬರಿದಾಗಿತ್ತು. ಇವನು ಅತ್ತ ನೋಡದಿರಲು ಹೋಗಿ, ನೋಡುತ್ತಿಲ್ಲ ಎನ್ನುವುದು ಭಾವನಿಗೆ ಕಾಣುತ್ತಿದೆಯೇನೋ ಎಂದು ಹೆದರಿ, ಬೇಕೆಂದೇ ಒಂದು ಸಲ ನೋಡಿದ.

ಉಳಿದ ಆರು ಹೇಂಟೆಗಳಲ್ಲಿ ಎರಡು ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ನಿಂತಿದ್ದವು. ಒಂದರ ಕತ್ತು ಓರೆಯಾಗಿ, ಆಕಾಶದಲ್ಲಿ ಯಾರನ್ನೋ ಹುಡುಕುವಂತೆ ಮೇಲಕ್ಕೆ ತಿರುಚಿಕೊಂಡಿತ್ತು. ಬಲೆಯ ಆಚೆ, ಬುಟ್ಟಿಯ ಕೆಳಗೆ ಒಂಟಿಯಾಗಿ ಹುಂಜ. ಅದಕ್ಕೇನೂ ಆಗಿರಲಿಲ್ಲ. ಬುಟ್ಟಿಯ ಸಂದಿನಿಂದ ಕೆಂಪು ಜುಟ್ಟು ಆಡಿಸುತ್ತ ಆರಾಮವಾಗಿತ್ತು. ಅದೇ ಅದರ ಅಪರಾಧ. "ನೋಡು ಹೆಂಗಿದೆ, ಗುಂಡುಕಲ್ಲು!" ಎಂದಳು ಅಕ್ಕ. "ತಾನು ಚೆನ್ನಾಗಿದೆ, ಊರಿಗೆಲ್ಲಾ ಹಂಚಿದೆ. ಯಾವ ಸಂತೇಲಿ ಹಿಡ್ಕೊಂಡು ಬಂದರೋ ಇವರು. ನಾನು ಮಗಳ ಮನೆಗೆ ಅಂತ ಇಪ್ಪತ್ತು ದಿನ ಹೋದರೆ ಸಾಕು, ಇಲ್ಲಿ ಇವರ ದರ್ಬಾರು. ಹೊಸದು ತಂದರೆ ಹದಿನೈದು ದಿನ ಬೇರೆ ಇಡಿ ಅಂತ ಬಡ್ಕೊಂಡಿದೀನಿ. ಇಟ್ಟಿದ್ದೆ ಅಂತಾರೆ. ಯಾರು ನೋಡಿದ್ರು?"

"ಇಟ್ಟಿದ್ದೆ" ಎಂದ ಭಾವ, ಟಬ್ಬಿನೊಳಗಿಂದ.

"ಹೂಂ, ಇಟ್ಟಿದ್ರಿ. ಡಾಕ್ಟ್ರಮ್ಮ ಬರಲಿ, ಮೊದಲು ಅದರ ಕತ್ತು. ಆಮೇಲೆ ಮಿಕ್ಕಿದ್ದು."

ಯಾರು ನೋಡಿದ್ರು. ಹೋದ ತಿಂಗಳು ಮೀಟರ್ ಓದಲು ಬಂದಾಗ ಅಕ್ಕ ಊರಲ್ಲಿರಲಿಲ್ಲ. ಭಾವನೇ ಚಹಾ ಮಾಡಿ, ಹಾಲು ಉಕ್ಕಿಸಿ, ಒಲೆ ಒರೆಸುತ್ತಿದ್ದಾಗ ಉಗ್ರಾಣದ ಕೋಣೆಯಿಂದ ಕೋಳಿ ಕೂಗಿತು. ಭಾವ ಹುಬ್ಬು ಹಾರಿಸಿ, ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲು ಸಂದು ಮಾಡಿ ತೋರಿಸಿದ. ಹಳೆಯ ಗೋಡೆಗಡಿಯಾರಗಳ ರಾಶಿಯ ನಡುವೆ, ಹರಡಿದ ಪೇಪರಿನ ಮೇಲೆ, ಈ ಹುಂಜ. "ಹದಿನೈದು ದಿನ ಜೈಲು. ನಿಮ್ಮಕ್ಕನ ಕಾನೂನು, ಮೀರಕ್ಕಾಗತ್ತಾ? ಇವತ್ತಿಗೆ ಒಂಬತ್ತು. ದಿನಕ್ಕೊಂದು ಗೀಟು ಎಳೀತಿದೀನಿ ನೋಡು" ಎಂದು ಗೋಡೆಯ ಮೇಲಿನ ಪೆನ್ಸಿಲ್ ಗೀಟುಗಳನ್ನು ತೋರಿಸಿ ಮಕ್ಕಳ ಹಾಗೆ ನಕ್ಕಿದ್ದ. ಆ ಗೀಟುಗಳನ್ನು ಹೋದ ವಾರ ಅಕ್ಕ ಸುಣ್ಣ ಹೊಡೆದು ಅಳಿಸಿದ್ದಳು. ಗೋಡೆ ಗಲೀಜು ಮಾಡಿದಿರಿ ಎಂದು ಅದಕ್ಕೂ ಬೈದಿದ್ದಳು. ಈಗ ಪ್ರಪಂಚದಲ್ಲಿ ನೋಡಿದವನು ಇವನೊಬ್ಬ. ಭಾವ ಯಾಕೆ ಹೇಳುತ್ತಿಲ್ಲ, ನಿನ್ನ ತಮ್ಮನನ್ನೇ ಕೇಳು ಎಂದು? ಮರೆತನೆ? ಗಡಿಯಾರದ ಮುಳ್ಳು ಅರ್ಧ ನಿಮಿಷ ಹಿಂದೆ ಬಿದ್ದರೆ ರಾತ್ರಿ ನಿದ್ದೆ ಬಾರದ ಮನುಷ್ಯ, ಮರೆಯುವುದುಂಟೆ? ಅಥವಾ ಇವನೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದಾನೆಯೆ? ಹೇಳಲು ಎಷ್ಟು ಹೊತ್ತು! ಅಕ್ಕ, ನಾನು ನೋಡಿದೀನಿ. ಮೂರು ಮಾತು. ಆದರೆ ಹುಂಜ ಅಲ್ಲ ಎಂದಾದರೆ, ಮತ್ತೆ ಯಾರು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ.

ನಿನ್ನೆ ಪಶುವೈದ್ಯೆಗೆ ಫೋನು ಮಾಡಿದ್ದು ಇವನೇ. ಆಫೀಸಿನ ಕಾರಿಡಾರಿನಲ್ಲಿ ನಿಂತು, ದೊಡ್ಡ ಮನುಷ್ಯನ ಗಂಟಲಿನಲ್ಲಿ, ನಮ್ಮ ಅಕ್ಕನ ಮನೆಯ ಕೋಳಿಗಳು ಎಂದು ಶುರುಮಾಡಿದ್ದ. ಆಕೆಗೆ ಹೆಚ್ಚು ಮಾತಿನ ಅಭ್ಯಾಸವಿರಲಿಲ್ಲ. "ಕತ್ತು ತಿರುಚ್ಕೊಳ್ತಾ ಇದೆಯಾ? ಹಿಕ್ಕೆ ಹಸಿರು ಬಣ್ಣನಾ? ಕೊಕ್ಕರೆ ರೋಗ ಇರಬಹುದು. ಬಂದ ಮೇಲೆ ಔಷಧಿ ಇಲ್ಲ, ಮಿಕ್ಕಿದ್ದನ್ನ ಉಳಿಸ್ಕೋಬೇಕು ಅಷ್ಟೇ. ಸಾಮಾನ್ಯ ಐದಾರು ದಿನದಲ್ಲಿ ತೋರಿಸ್ಕೊಳ್ಳತ್ತೆ. ಅಲ್ಲಿಗೆ ಯಾರ್ಯಾರು ಬಂದುಹೋದರು, ಹದಿನೈದು ದಿನದ್ದು ಪಟ್ಟಿ ಬರೆದಿಡಿ. ಬೇರೆ ಕೋಳಿ ಮನೆಯಿಂದ ಯಾರಾದರೂ ಬಂದಿದ್ರೆ, ಕೈಯಲ್ಲಿ ತರ್ತಾರೆ, ಚಪ್ಪಲೀಲಿ ತರ್ತಾರೆ." ಹೂಂ ಹೂಂ ಎನ್ನುತ್ತ, ಇವನು ತನ್ನ ಬೂಟನ್ನು ನೋಡಿಕೊಂಡ. ಹೊಲಿಗೆಯ ಸಂದಿನಲ್ಲಿ ಒಣಗಿದ ಹಸಿರು. ಫೋನನ್ನು ಕಿವಿಗೆ ಇಟ್ಟುಕೊಂಡೇ ಆ ಕಾಲನ್ನು ಇನ್ನೊಂದರ ಹಿಂದೆ ಸರಿಸಿದ.

ಬೀಗ ರಿಪೇರಿಯವನ ಮನೆ. ಇವತ್ತಿಗೆ ಎಂಟು ದಿನ. ಅಲ್ಲಿಯೂ ಮೀಟರು ಹಿತ್ತಲಲ್ಲಿ, ಕೋಳಿಗೂಡಿಗೆ ಅಂಟಿಕೊಂಡಂತೆ. ಗೂಡಿನ ಮುಂದೆ ನಾಲ್ಕೈದು ಕೋಳಿ ಪುಕ್ಕ ಕೆದರಿಕೊಂಡು ತೂಕಡಿಸುತ್ತಿದ್ದವು. ಒಂದು ಬೆನ್ನು ನೆಲಕ್ಕೆ ಹಾಕಿ ಕಾಲು ಸೆಟೆದುಕೊಂಡಿತ್ತು. ನೋಡಿರಲಿಲ್ಲವೆ? ನೋಡಿದ್ದ. ಇಪ್ಪತ್ತೆರಡು ವರ್ಷ ಜನರ ಹಿತ್ತಲು ಹೊಕ್ಕು ಕಲಿತದ್ದು ಒಂದೇ, ನೋಡಿದ್ದನ್ನು ನೋಡಿಲ್ಲವೆನ್ನಿಸುವ ವಿದ್ಯೆ. ಒಣಹಾಕಿದ ಒಳಉಡುಪು, ಒಡೆದ ಬಾಟಲಿ, ಅಳುತ್ತಿರುವ ಸೊಸೆ, ಯಾವುದೂ ಅವನದಲ್ಲ. ಅವನದು ಮುಚ್ಚಳದ ಕೆಳಗಿನ ಅಂಕಿ ಮಾತ್ರ. ಮುಚ್ಚಳ ಹಾಕಿ ಏಳುವಾಗ ಬೂಟು ಹಸಿಹಿಕ್ಕೆಯಲ್ಲಿ ಜಾರಿ ಅಂಗೈ ಊರಿದ. ಬೀಗದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೈ ತೊಳೆಯಲು ನೀರು ಕೇಳಿದರೆ, "ನಿಮ್ಮದೇ ನೀರಲ್ವಾ ಸ್ವಾಮಿ, ವಾರಕ್ಕೆ ಎರಡು ದಿನ ಬಿಡ್ತೀರಿ. ಬಂದ ದಿನ ಬನ್ನಿ, ಕೈಯೇನು, ಮೈಯೇ ತೊಳ್ಕೊಳಿ" ಎಂದ. ಒಳಗಿನಿಂದ ಯಾರೋ ಕಿಸಕ್ಕೆಂದರು. ಮುಖಕ್ಕೆ ಹೊಡೆದ ಹಾಗಾಯಿತು. ಗಬ್ಬುನಾತದ ಕೈಯನ್ನು ಮೈಯಿಂದ ದೂರ ಹಿಡಿದು ಬೀದಿಗೆ ಬಂದಾಗ, ಅವನ ಮನಸ್ಸಿನಲ್ಲಿದ್ದದ್ದು ಒಂದೇ ಜಾಗ. ಪಕ್ಕದ ಬೀದಿ, ಅಕ್ಕನ ಹಿತ್ತಲು, ಅಲ್ಲಿ ಡ್ರಮ್ಮಿನ ನೀರು ಸದಾ ನಲ್ಲಿಗೆ ಬರುತ್ತದೆ.

ಅಕ್ಕನ ಮನೆ ಅವನ ದಾರಿಯಲ್ಲಿ ಕೊನೆಯದು. ಹಾಗೆ ಅವನೇ ಮಾಡಿಕೊಂಡಿದ್ದ: ಎಲ್ಲ ಮನೆ ಮುಗಿಸಿ, ಮಧ್ಯಾಹ್ನ ಒಂದಕ್ಕೆ ಅಲ್ಲಿ ಊಟ. ಅವತ್ತು ಮಾತ್ರ ಅರ್ಧದಲ್ಲೇ ನುಗ್ಗಿದ. ಬಲೆಯ ಬಾಗಿಲು ತೆಗೆದು, ಹೇಗೂ ಬಂದಿದ್ದೇನಲ್ಲ ಎಂದು ಮೇಡಮ್ಮನ್ನು ಆ ಕೈಯಲ್ಲೇ ಎತ್ತಿ ಪಕ್ಕಕ್ಕಿಟ್ಟು, ಅಂಕಿ ಬರೆದುಕೊಂಡು, ಆಮೇಲೆ ನಲ್ಲಿಯ ಕೆಳಗೆ ಕೈ ತೊಳೆದ, ಬೂಟು ತೊಳೆದ. ಕಡ್ಡಿಯಿಂದ ಕಂಡಷ್ಟು ಸಂದುಗಳನ್ನು ಕೆರೆದು ತೊಳೆದ. ತೊಳೆದ ನೀರು ಸಣ್ಣ ಕಾಲುವೆಯಾಗಿ ಹರಿದು ಎಲ್ಲಿಗೆ ಹೋಯಿತು? ಸಿಮೆಂಟಿನ ಬಾನಿಗೆ. ಕೋಳಿಗಳಿಗೆ ಸದಾ ನೀರಿರಲಿ ಎಂದು ನಲ್ಲಿಯ ಸೋರಿಕೆಯನ್ನು ಬಾನಿಗೆ ಹರಿಯುವಂತೆ ಕಾಲುವೆ ತೋಡಿಕೊಟ್ಟವನೂ ಇವನೇ, ಎರಡು ವರ್ಷದ ಹಿಂದೆ, ಅಕ್ಕನಿಂದ ಭೇಷ್ ಎನ್ನಿಸಿಕೊಂಡು. ಥೂ! ಗಲೀಜನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಬೂಟಿನಲ್ಲೇ ಆಮೇಲೆ ಹದಿನಾಲ್ಕು ಮನೆ. ಹದಿನಾಲ್ಕರಲ್ಲಿ ಒಂಬತ್ತು ಮನೆಯಲ್ಲಿ ಕೋಳಿ. ನಿನ್ನೆ ಸಂಜೆಯಿಂದ ಅವನು ಆ ಒಂಬತ್ತನ್ನು ಎಣಿಸುತ್ತಲೇ ಇದ್ದ.

"ಪಟ್ಟಿ ಬರೀಬೇಕಂತಲ್ಲೋ, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಎಂದಳು ಅಕ್ಕ. ಕಾಗದ ತರುವ ನೆಪದಲ್ಲಿ ಅವನು ಅಡುಗೆಮನೆಗೆ ಹೋದ. ನೆಪವೇ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೀರಿನ ಕಾರ್ಡು ನೇತುಹಾಕಿರುತ್ತದೆ. ಪ್ರತಿ ತಿಂಗಳ ಅಂಕಿ, ತಾರೀಕು, ವೇಳೆ, ಪಕ್ಕದಲ್ಲಿ ಅವನ ಸಹಿ, ಎಂಟು ದಿನದ ಹಿಂದಿನದೂ. ಅದನ್ನು ಜೇಬಿಗೆ ಹಾಕಿಕೊಳ್ಳಬೇಕು, ಆಫೀಸಿನಲ್ಲಿ ತಿದ್ದುವುದಿದೆ ಎನ್ನಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಬಾಗಿಲನ್ನು ಮೆಲ್ಲಗೆ ಎಳೆದ. ಮೊಳೆ ಇತ್ತು. ಕಾರ್ಡಿರಲಿಲ್ಲ. ಕಾರ್ಡಿದ್ದ ಜಾಗದಲ್ಲಿ ಗೋಡೆ ಚೌಕಾಕಾರವಾಗಿ ಬೆಳ್ಳಗಿತ್ತು. ಕೆಳಗೆ ಬಿದ್ದಿದೆಯೇ ಎಂದು ಮಂಡಿಯೂರಿ, ಪಾತ್ರೆ ಸ್ಟ್ಯಾಂಡಿನ ಅಡಿಗೆ ಕೈ ಹಾಕಿ ತಡಕಿದ. ಈರುಳ್ಳಿ ಸಿಪ್ಪೆ ಸಿಕ್ಕಿತು. "ಪೆನ್ನು ಅಲ್ಲಿಲ್ಲ, ಮೀಟ್ರಪ್ಪ" ಎಂಬ ದನಿ ಹಿಂದಿನಿಂದ ಬಂತು. ಭಾವ. ಒದ್ದೆಗಾಲು, ಮಡಚಿದ ಪ್ಯಾಂಟು. ಎಷ್ಟು ಹೊತ್ತಿನಿಂದ ನಿಂತಿದ್ದ? ಮೀಟ್ರಪ್ಪ ಎನ್ನುವುದು ಅವನು ಯಾವಾಗಲೂ ಕರೆಯುವ ತಮಾಷೆಯ ಹೆಸರೇ. ಇವತ್ತು ಅದರಲ್ಲಿ ತಮಾಷೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ಭಾವ ತನ್ನ ಅಂಗಿ ಜೇಬಿನಿಂದ ಪೆನ್ನು ತೆಗೆದುಕೊಟ್ಟ. ಜೇಬಿನಲ್ಲಿ ಪೆನ್ನಿನ ಹಿಂದೆ ಹಳದಿ ಕಾರ್ಡಿನ ಅಂಚು ಕಾಣುತ್ತಿತ್ತು.

ಆಮೇಲೆ ಜಗಲಿಯ ಮೇಲೆ ಕೂತು ಅಕ್ಕ ಹೇಳಿದ್ದನ್ನು ಇವನು ಬರೆದ. ಬೆರಳುಗಳು ಬರೆಯುತ್ತಿದ್ದವು, ಕಿವಿ ಭಾವನ ಉಸಿರಿನ ಮೇಲಿತ್ತು. ಕಾಳು ತಂದುಕೊಟ್ಟ ಅಂಗಡಿಯವನು, ಒಂದು ಸಲ, ಗೇಟಿನಲ್ಲೇ. ಪಕ್ಕದ ಮನೆ ಮುದುಕಿ, ಮೊಟ್ಟೆಗೆ. "ಅವಳ ಮೇಲೂ ನಂಗೆ ಅನುಮಾನಾನೇ, ಕಣ್ಣು ಸರಿಯಿಲ್ಲ ಅವಳದು" ಎಂದಳು ಅಕ್ಕ. ತಗಡು ಬಡಿಯಲು ಬಂದ ಬಡಗಿ. "ಅವನು ಬಂದು ತಿಂಗಳಾಯ್ತು" ಎಂದ ಭಾವ. "ನೀವು ಸುಮ್ನಿರಿ. ಬರ್ಕೋ ಪುಟ್ಟಾ. ದೊಡ್ಡದಾಗಿ ಬರಿ, ಹುಂಜ. ತಂದವರು, ಇವರು." ಅವನು ದೊಡ್ಡದಾಗಿ ಬರೆದ. ಭಾವನ ಹೆಸರನ್ನು ಅಷ್ಟು ಚೆನ್ನಾದ ಅಕ್ಷರದಲ್ಲಿ ಅವನು ಹಿಂದೆಂದೂ ಬರೆದಿರಲಿಲ್ಲ. ಕಾರ್ಡನ್ನು ಯಾಕೆ ಇಟ್ಟುಕೊಂಡಿದ್ದಾನೆ? ಡಾಕ್ಟ್ರಮ್ಮನಿಗೆ ತೋರಿಸಲು. ನಾಲ್ಕು ಜನರೆದುರು, ಮೂವತ್ತೈದು ವರ್ಷದ ಬೈಗುಳಕ್ಕೆಲ್ಲ ಸೇರಿಸಿ ಒಂದೇ ಏಟಿಗೆ ತೀರಿಸಿಕೊಳ್ಳಲು. ನೋಡೇ ನಿನ್ನ ಪುಟ್ಟನ ಸಹಿ ಎನ್ನಲು. ಈ ಸಾಧುಗಳನ್ನು ನಂಬಬಾರದು. ಒಳಗೊಳಗೇ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತಾರೆ. ಅವನಿಗೆ ಭಾವನ ಮೇಲೆ ನಿಜವಾಗಿ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಒಂದು ಕ್ಷಣ ಹಾಯೆನಿಸಿತು.

ಹನ್ನೊಂದಕ್ಕೆ ಡಾಕ್ಟ್ರಮ್ಮ ಬಂದಳು. ಚಿಕ್ಕ ವಯಸ್ಸು, ಗಮ್‌ಬೂಟು, ಕೈಗೆ ರಬ್ಬರಿನ ಗವಸು. ಯಾರೂ ಹೇಳದೆ ತಾನಾಗಿ ಟಬ್ಬಿಗೆ ಇಳಿದು ನಿಂತಳು. ಅಕ್ಕ ಅದನ್ನು ಮೆಚ್ಚಿ ತಲೆಯಾಡಿಸಿದಳು. ಬಲೆಯೊಳಗೆ ಹೋಗಿ ಕೋಳಿಗಳ ಕಣ್ಣು, ಗಂಟಲು, ಹಿಂಭಾಗ ನೋಡಿದಳು. ಕತ್ತು ತಿರುಚಿದ್ದನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಕತ್ತನ್ನು ಮೆಲ್ಲಗೆ ನೇರಮಾಡಿ ನೋಡಿದಳು. ಆಮೇಲೆ ಬಂದು ಪಟ್ಟಿ ಓದಿದಳು. "ಹುಂಜ ಬಂದು ಎಷ್ಟು ದಿನ?"

"ಒಂದೂವರೆ ತಿಂಗಳು. ಆದರೆ ಡಾಕ್ಟ್ರಮ್ಮ, ಅದು ರೋಗಾನ ಒಳಗೇ ಇಟ್ಕೊಂಡಿತ್ತು. ಬೇರೆ ಇಡದೇ ಸೀದಾ ಬಿಟ್ಟುಬಿಟ್ರು ಇವರು."

ಡಾಕ್ಟ್ರಮ್ಮ ಭಾವನ ಕಡೆ ತಿರುಗಿದಳು. ಈಗ ತೆಗೆಯುತ್ತಾನೆ ಎಂದುಕೊಂಡ ಇವನು. ಭಾವನ ಕೈ ಜೇಬಿಗೆ ಹೋಗಿಯೂ ಹೋಯಿತು. ಭಾವ ಕಾರ್ಡನ್ನು ತೆಗೆದ, ಡಾಕ್ಟ್ರಮ್ಮನಿಗೆ ಕೊಡಲಿಲ್ಲ. ಎರಡು ಹೆಜ್ಜೆ ನಡೆದುಬಂದು ಇವನ ಕೈಯಲ್ಲಿಟ್ಟ. "ನಿಮ್ಮ ಆಫೀಸಿಂದು. ಮೊಳೆ ಸಡಿಲ ಆಗಿತ್ತು, ಬಿದ್ದುಹೋದೀತು ಅಂತ ತೆಗೆದಿಟ್ಟಿದ್ದೆ" ಎಂದ. ಆಮೇಲೆ, ಇವನಿಗಷ್ಟೇ ಕೇಳುವಂತೆ, "ಯಾವಾಗಲೂ ಒಂದಕ್ಕೆ ಬರೋನು. ಅವತ್ತು ಹತ್ತಕ್ಕೆ ಇಪ್ಪತ್ತು ನಿಮಿಷ ಇತ್ತು" ಎಂದು ಹೇಳಿ, ಬುಟ್ಟಿಯ ಹತ್ತಿರ ಹೋಗಿ, ಸಂದಿನೊಳಗೆ ಬೆರಳು ಹಾಕಿ ಹುಂಜದ ಜುಟ್ಟನ್ನು ಮುಟ್ಟಿದ. ಬೆನ್ನು ಇತ್ತ ಇತ್ತು. ಅವನು ಮತ್ತೆ ತಿರುಗಿ ನೋಡುವುದಿಲ್ಲ ಎಂಬುದು ಇವನಿಗೆ ಗೊತ್ತಾಯಿತು.

ಕಾರ್ಡು ಕೈಯಲ್ಲಿತ್ತು. ಮಡಚಿದರೆ ಜೇಬಿಗೆ ಹೋಗುವಷ್ಟು ಚಿಕ್ಕದು. ಯಾರೂ ಬಲವಂತ ಮಾಡಿರಲಿಲ್ಲ. ಬಲವಂತ ಮಾಡಿದ್ದರೆ ಸುಳ್ಳು ಸುಲಭವಾಗುತ್ತಿತ್ತು, ನಿನ್ನೆಯಿಂದ ಅದಕ್ಕೇ ತಾಲೀಮು ನಡೆಸಿದ್ದ. "ಇಷ್ಟೇನಾ? ಬೇರೆ ಯಾರೂ ಬಂದಿಲ್ವಾ?" ಎಂದು ಡಾಕ್ಟ್ರಮ್ಮ ಪಟ್ಟಿ ಮಡಚುತ್ತ ಕೇಳಿದಳು. "ಇನ್ಯಾರು ಬರ್ತಾರೆ, ನಮ್ಮ ಪುಟ್ಟನ್ನ ಬಿಟ್ಟರೆ" ಎಂದಳು ಅಕ್ಕ.

"ನಾನು ಬಂದಿದ್ದೆ" ಎಂದ.

"ಅಯ್ಯೋ, ನೀನು ಬರೋದು ಬರೋದಾ? ನೀನು ಮನೆಯೋನು."

"ಬೀಗದೋನ ಮನೆಯಿಂದ ಬಂದಿದ್ದೆ ಅಕ್ಕ. ಅಲ್ಲಿ ಕೋಳಿ ಸಾಯ್ತಾ ಇದ್ದವು. ನೋಡ್ದೆ. ಅದೇ ಕೈಯಲ್ಲಿ ಮೇಡಮ್ಮನ್ನ ಎತ್ತಿದೀನಿ. ಇಲ್ಲೇ ಬೂಟು ತೊಳ್ದೆ, ನೀರು ಬಾನಿಗೆ ಹೋಯ್ತು." ಮಾತು ಒಂದು ಸಲ ಹೊರಟ ಮೇಲೆ, ಮುಖ್ಯವಾದದ್ದು ಉಳಿದೇಹೋಗುತ್ತದೇನೋ ಎಂಬ ಭಯಕ್ಕೆ ಬೇಗ ಬೇಗ ಹೇಳಿದ: "ಭಾವ ಹುಂಜಾನ ಬೇರೆ ಇಟ್ಟಿದ್ರು. ಉಗ್ರಾಣದಲ್ಲಿ. ಗೋಡೆ ಮೇಲೆ ಗೀಟು ಎಳೀತಿದ್ರು. ಹೋದ ತಿಂಗಳೇ ನಾನು ನೋಡಿದ್ದೆ."

ಮೊದಲ ಮಾತಿಗೆ ಅಕ್ಕನ ಮುಖ ಬದಲಾಗಿರಲಿಲ್ಲ. ಎರಡನೆಯದಕ್ಕೆ ಬದಲಾಯಿತು. "ನೋಡಿದ್ದೆ" ಎಂದಳು, ಕೇಳುವಂತೆಯೂ ಅಲ್ಲ, ಹೇಳುವಂತೆಯೂ ಅಲ್ಲ. "ನೋಡಿದ್ದೆ. ಮೂರು ದಿನದಿಂದ ಅವರನ್ನ ನಾನು..." ಎಂದು ಅರ್ಧಕ್ಕೇ ನಿಲ್ಲಿಸಿ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಬೈಯಲಿ, ಸೌಟಿನಿಂದ ಬಾರಿಸಲಿ ಎಂದು ಅವನು ಕಾದ. ಚಿಕ್ಕಂದಿನಲ್ಲಿ ಕೆಸರಿನಲ್ಲಿ ಆಡಿ ಬಂದಾಗ ಬೈಯುತ್ತಲೇ ಬಚ್ಚಲಿಗೆ ಎಳೆದುಕೊಂಡು ಹೋಗಿ ಉಗುರಿನ ಸಂದನ್ನೂ ಬಿಡದೆ ಕಾಲು ಉಜ್ಜಿ ತೊಳೆಯುತ್ತಿದ್ದವಳು ಅವಳೇ. ಅವಳು ಬೈಯಲಿಲ್ಲ.

ಡಾಕ್ಟ್ರಮ್ಮ ಬರೆಯುವ ಪುಸ್ತಕ ತೆಗೆದಳು. "ಇಲ್ಲಿಂದ ಆಮೇಲೆ ಎಲ್ಲೆಲ್ಲಿ ಹೋದ್ರಿ?" ಅವನು ಚೀಲದಿಂದ ಮೀಟರ್ ಪುಸ್ತಕ ತೆಗೆದು ಆ ದಿನದ ಪುಟ ಬಿಡಿಸಿದ. "ಹದಿನಾಲ್ಕು ಮನೆ. ಒಂಬತ್ತರಲ್ಲಿ ಕೋಳಿ ಇದೆ" ಎಂದು ಓದತೊಡಗಿದ. ಬೇಕರಿಯವರ ಮನೆ. ಎರಡು ನಾಯಿಯ ಮನೆ. ನರ್ಸ್ ಮನೆ. ತನ್ನ ಅಕ್ಷರ ತನಗೇ ತೊಡರುತ್ತಿತ್ತು. ಐದನೆಯದಕ್ಕೆ ಬಂದಾಗ ನೆಲದ ಮೇಲೆ ಏನೋ ಕರಕರ ಉಜ್ಜಿದ ಸದ್ದಾಯಿತು. ಅಕ್ಕ ಟಬ್ಬನ್ನು ಕಾಲಿನಿಂದ ನೂಕಿಕೊಂಡು ಬರುತ್ತಿದ್ದಳು. ನೀರು ತುಳುಕಿ ಜಗಲಿಯುದ್ದಕ್ಕೂ ಬಿಳಿಯ ಗೆರೆ ಬಿತ್ತು. ಅವನ ಮುಂದೆ ತಂದು ನಿಲ್ಲಿಸಿದಳು. ಮುಖ ನೋಡಲಿಲ್ಲ.

"ಇಳೀರಿ" ಎಂದಳು.

ಮನೆಗೆ ಬರುವ ಹೊರಗಿನವರಿಗೆ ಅನ್ನುವ ಹಾಗೆ. ಅವನು ರಬ್ಬರ್ ಚಪ್ಪಲಿಯ ಸಮೇತ ಟಬ್ಬಿಗೆ ಇಳಿದು, ಪುಸ್ತಕವನ್ನು ನೀರಿಗೆ ತಾಗದಂತೆ ಮೇಲೆ ಹಿಡಿದು, ಆರನೆಯ ಮನೆಯನ್ನು ಓದಿದ.